ಮೈಥಿಲಿ ಕೊಟ್ಟ ಹತ್ತು ದಿನ

ಮೈಥಿಲಿ ಅಮೆರಿಕದಲ್ಲಿ ಹದಿನಾರು ವರ್ಷ ಕಟ್ಟಡ ಕಟ್ಟುವ ಕಂಪನಿಗಳಲ್ಲಿ ಕೆಲಸ ಮಾಡಿದ್ದರು. ಕೊನೆಯ ಎರಡು ವರ್ಷ ಒಂದು ಕಟ್ಟಡದೊಳಗೂ ಕಾಲಿಟ್ಟಿರಲಿಲ್ಲ. ೨೦೨೦ರ ಮಾರ್ಚ್‌ನಲ್ಲಿ ಕಂಪನಿ ಎಲ್ಲರನ್ನೂ ಮನೆಗೆ ಕಳಿಸಿತು. ಅಟ್ಲಾಂಟಾ ಹತ್ತಿರದ ಲಾರೆನ್ಸ್‌ವಿಲ್‌ನ ಮನೆಯ ಊಟದ ಮೇಜಿನ ಮೇಲೆ ಎರಡು ಪರದೆ ಬಂದು ಕೂತವು. ಊಟ ಅಡುಗೆಮನೆಯ ಕಟ್ಟೆಗೆ ಹೋಯಿತು. ಮತ್ತೆ ಯಾರೂ ಮೇಜು ಖಾಲಿ ಮಾಡಲಿಲ್ಲ.

ಅವರದು ಶೆಡ್ಯೂಲರ್ ಕೆಲಸ. ಕನ್ನಡ ಸಂಘದಲ್ಲಿ ಬಹಳ ಮಂದಿಗೆ ಅದೇನೆಂದು ಗೊತ್ತಿಲ್ಲ.

"ಐಟಿನಾ ಆಂಟಿ?" ಎಂದು ಹೊಸಬರು ಕೇಳುತ್ತಾರೆ.

"ಅಲ್ಲ. ಕನ್‌ಸ್ಟ್ರಕ್ಷನ್."

"ಅಯ್ಯೋ, ಹಳದಿ ಹೆಲ್ಮೆಟ್ ಹಾಕ್ಕೊಂಡು ನಿಂತ್ಕೋತೀರಾ?"

"ಕಾರಲ್ಲಿದೆ. ಹಾಕ್ಕೊಂಡು ಎರಡು ವರ್ಷ ಆಯ್ತು."

ಮೈಸೂರಿನ ಸರಸ್ವತಿಪುರಂನವರು. ಸಿವಿಲ್ ಡಿಪ್ಲೊಮಾ ಮಾಡಿ, ಒಬ್ಬ ಗುತ್ತಿಗೆದಾರರ ಬಳಿ ಆರು ವರ್ಷ ಸೈಟ್ ನೋಡಿಕೊಂಡಿದ್ದರು. ಮದುವೆಯಾಗಿ ೨೦೦೪ರಲ್ಲಿ ಮೇರಿಲ್ಯಾಂಡಿಗೆ ಬಂದರು. ಕೆಲಸದ ಪರವಾನಗಿಗಾಗಿ ಕಾದ ಸಮಯದಲ್ಲಿ ಕಮ್ಯೂನಿಟಿ ಕಾಲೇಜಿನ ಸಂಜೆ ತರಗತಿಯಲ್ಲಿ ಶೆಡ್ಯೂಲಿಂಗ್ ಸಾಫ್ಟ್‌ವೇರ್ ಕಲಿತರು. ತರಗತಿಯಲ್ಲಿ ಸಿಮೆಂಟ್ ಒಣಗಲು ಎಷ್ಟು ದಿನ ಬೇಕೆಂದು ಪುಸ್ತಕ ನೋಡದೆ ಹೇಳುತ್ತಿದ್ದವರು ಅವರೊಬ್ಬರೇ. ೨೦೧೩ರಲ್ಲಿ ಪತಿ ತ್ಯಾಗರಾಜ ಅವರಿಗೆ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿತು. ಮನೆ, ಗ್ರೀನ್ ಕಾರ್ಡ್, ಮಗ ಆದಿತ್ಯನ ಕಾಲೇಜು, ಎಲ್ಲವೂ ಆಯಾ ಕಾಲಕ್ಕೆ ಆದವು. ಆ ವರ್ಷಗಳ ಬಗ್ಗೆ ಕೇಳಿದರೆ ಅವರು ತಾರೀಖುಗಳನ್ನು ಹೇಳುತ್ತಾರೆ. ಹೇಗನ್ನಿಸಿತು ಎಂದು ಕೇಳಿದರೆ ಸ್ವಲ್ಪ ಯೋಚಿಸಿ, "ಏನೂ ಅನ್ನಿಸಿದ್ದು ನೆನಪಿಲ್ಲ" ಎನ್ನುತ್ತಾರೆ.

ಅವರ ಕೆಲಸ ಹೀಗೆ. ಒಂದು ಶಾಲೆಯ ಕಟ್ಟಡ ಅಂದರೆ ಸುಮಾರು ಸಾವಿರದೆಂಟುನೂರು ಕೆಲಸಗಳು. ಪ್ರತಿ ಕೆಲಸಕ್ಕೂ ಪರದೆಯ ಮೇಲೆ ಒಂದು ಪಟ್ಟಿ, ಪಟ್ಟಿಯ ಉದ್ದ ಅದಕ್ಕೆ ಹಿಡಿಯುವ ದಿನಗಳು. ಯಾವುದು ಮುಗಿದ ಮೇಲೆ ಯಾವುದು ಎಂದು ಅವುಗಳನ್ನು ಒಂದಕ್ಕೊಂದು ಗಂಟು ಹಾಕಬೇಕು. ಆಮೇಲೆ ಸಾಫ್ಟ್‌ವೇರ್ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಮ್ಮೆ ನಡೆದುಹೋಗುತ್ತದೆ, ಕೊನೆಯ ದಿನದಿಂದ ಹಿಂದಕ್ಕೆ ಒಮ್ಮೆ ನಡೆದುಬರುತ್ತದೆ. ಒಂದು ಕೆಲಸ ಬೇಗ ಎಂದರೆ ಎಂದು ಮುಗಿಯಬಹುದು, ತಡ ಎಂದರೆ ಎಂದು ಮುಗಿಯಬಹುದು ಎಂದು ಎರಡು ತಾರೀಖು ಸಿಗುತ್ತವೆ. ನಡುವಿನ ಅಂತರಕ್ಕೆ ಫ್ಲೋಟ್ ಎಂದು ಹೆಸರು. ಮೈಥಿಲಿ ಅದನ್ನು ಸಡಿಲು ಎನ್ನುತ್ತಾರೆ. ಸಡಿಲು ಇರುವ ಪಟ್ಟಿಗಳು ಹಸಿರು. ಒಂದು ದಿನವೂ ಸಡಿಲು ಇಲ್ಲದವು ಕೆಂಪು. ಕೆಂಪು ಪಟ್ಟಿಗಳ ಸರಪಳಿಗೆ ಕ್ರಿಟಿಕಲ್ ಪಾತ್ ಎನ್ನುತ್ತಾರೆ. ಅದರಲ್ಲಿ ಒಂದು ದಿನ ಹೋದರೆ ಕೊನೆಯಲ್ಲಿ ಒಂದು ದಿನ ಹೋಯಿತು.

ದೊಡ್ಡ ಕೆಲಸವೇ ಕೆಂಪಾಗಿರುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ಒಂದು ವರ್ಷ ಸಂಘದ ಗಣೇಶನ ಹಬ್ಬಕ್ಕೆ ಮುನ್ನೂರು ಜನರ ಊಟ. ಎಲ್ಲರೂ ಅಡುಗೆಯವರಿಗೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು. ಅಡುಗೆ ಹನ್ನೊಂದಕ್ಕೇ ತಯಾರಾಗಿತ್ತು. ಹಾಲ್‌ನ ಬೀಗದ ಕೈ ಇದ್ದವರು ಮಗಳ ಈಜಿನ ಸ್ಪರ್ಧೆ ಮುಗಿಸಿ ಬಂದಾಗ ಒಂದೂವರೆ. ಮೈಥಿಲಿ ಅಂದು ಪಾರ್ಕಿಂಗ್ ಲಾಟಿನಲ್ಲಿ ಕೋಸಂಬರಿ ಪಾತ್ರೆ ಹಿಡಿದು ನಿಂತು ಹೇಳಿದ್ದರು: "ಇದೇ ಕ್ರಿಟಿಕಲ್ ಪಾತ್. ಇಷ್ಟೇ."

ಆ ಪಾರ್ಕಿಂಗ್ ಲಾಟಿನಲ್ಲಿ ನಕ್ಕವರಲ್ಲಿ ಯಶವಂತ್ ಒಬ್ಬರು. ಮೂವತ್ತನಾಲ್ಕು ವರ್ಷದ ಎಲೆಕ್ಟ್ರಿಕಲ್ ಎಂಜಿನಿಯರ್, ಬೆಂಗಳೂರಿನವರು, ಎಚ್-ಒನ್ ವೀಸಾದ ಆರನೇ ವರ್ಷ. ಹೆಂಡತಿ ಶ್ರೀಲತಾ, ಕಿಂಡರ್‌ಗಾರ್ಟನ್‌ಗೆ ಹೋಗುವ ಒಬ್ಬ ಮಗಳು. ೨೦೨೧ರ ಕೊನೆಯಲ್ಲಿ ಇಬ್ಬರಿಗೂ ಗೊತ್ತಾಯಿತು, ತಾವು ಒಂದೇ ಕಟ್ಟಡದ ಮೇಲೆ ಕೆಲಸ ಮಾಡುತ್ತಿದ್ದೇವೆಂದು. ಕೌಂಟಿಯಲ್ಲಿ ಕಟ್ಟುತ್ತಿದ್ದ ಒಂದು ಪ್ರಾಥಮಿಕ ಶಾಲೆ. ಮೈಥಿಲಿ ಕಟ್ಟುವ ಗುತ್ತಿಗೆ ಕಂಪನಿಯ ಕಡೆ. ಯಶವಂತ್ ಶಾಲೆಯವರು ನೇಮಿಸಿದ ಸಲಹಾ ಕಂಪನಿಯ ಕಡೆ. ಕಟ್ಟುವವರು ಕಳಿಸುವ ವಿದ್ಯುತ್ ನಕ್ಷೆಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವುದು ಅವರ ಕೆಲಸ. ಒಪ್ಪಂದದ ಪ್ರಕಾರ ಪ್ರತಿ ನಕ್ಷೆಗೂ ಹತ್ತು ಕೆಲಸದ ದಿನ. ಏನೇ ಕೇಳುವುದಿದ್ದರೂ ಬರವಣಿಗೆಯಲ್ಲಿ ಕೇಳಬೇಕು.

೨೦೨೨ರ ಜನವರಿ ೧೪ರಂದು ಮೇನ್ ಪ್ಯಾನೆಲ್‌ನ ನಕ್ಷೆ ಯಶವಂತ್ ಅವರ ಕೈಗೆ ಹೋಯಿತು. ಮೇನ್ ಪ್ಯಾನೆಲ್ ಎಂದರೆ ಆಳೆತ್ತರದ ಕಬ್ಬಿಣದ ಬೀರುಗಳ ಸಾಲು. ಕಟ್ಟಡಕ್ಕೆ ಬರುವ ಕರೆಂಟೆಲ್ಲ ಮೊದಲು ಅದರೊಳಗೆ ಹೋಗಿ ಆಮೇಲೆ ಹಂಚಿಕೆಯಾಗುತ್ತದೆ. ನಕ್ಷೆಗೆ ಒಪ್ಪಿಗೆ ಸಿಕ್ಕ ದಿನವೇ ಕಾರ್ಖಾನೆಗೆ ಆರ್ಡರ್ ಹೋಗಬೇಕು. ತಯಾರಿಗೆ ಇಪ್ಪತ್ತೆಂಟು ವಾರ. ಒಪ್ಪಿಗೆ ಜನವರಿ ೨೮ಕ್ಕೆ ಬರಬೇಕಿತ್ತು. ಆ ಪಟ್ಟಿಗೆ ಇಪ್ಪತ್ತೆರಡು ದಿನ ಸಡಿಲಿತ್ತು. ಬಣ್ಣ ಹಸಿರು.

ಇಪ್ಪತ್ತಾರನೇ ತಾರೀಖು, ಬುಧವಾರ, ಮಧ್ಯಾಹ್ನ ಯಶವಂತ್ ಫೋನ್ ಮಾಡಿದರು. ಅದು ಒಮಿಕ್ರಾನ್ ಹರಡಿದ್ದ ತಿಂಗಳು.

"ಮೇಡಂ, ಊಟ ಆಯ್ತಾ?"

"ಆಯ್ತು. ನಿಮ್ಮ ಧ್ವನಿ ಏನಿದು, ಹಳೇ ಆಟೋ ಥರ?"

"ಪಾಸಿಟಿವ್ ಮೇಡಂ. ಮನೇಲಿ ಮೂರೂ ಜನ. ಆಫೀಸಲ್ಲಿ ನಾಲ್ಕು ಜನ ಔಟ್, ಅವರ ಪ್ರಾಜೆಕ್ಟೂ ನನ್ನ ತಲೆ ಮೇಲೆ. ಆ ಪ್ಯಾನೆಲ್ ಡ್ರಾಯಿಂಗ್ ಓಪನ್ ಕೂಡ ಮಾಡಿಲ್ಲ."

"ಶುಕ್ರವಾರ ಡ್ಯೂ ಇದೆ ಅದು."

"ಅದಕ್ಕೇ ಮಾಡ್ದೆ. ಇನ್ನೊಂದು ಹತ್ತು ದಿನ ಅಡ್ಜಸ್ಟ್ ಮಾಡಕ್ಕಾಗತ್ತಾ? ಈಮೇಲ್ ಹಾಕಿದ್ರೆ ನಮ್ಮ ಬಾಸ್‌ಗೂ ಸಿಸಿ ಹೋಗತ್ತೆ. ಲೇಟ್ ಅಂತ ರೆಕಾರ್ಡ್ ಆಗ್ಬಿಡತ್ತೆ."

ಮೈಥಿಲಿ ಪರದೆ ನೋಡಿದರು. "ಇಪ್ಪತ್ತೆರಡು ಫ್ಲೋಟ್ ಇದೆ."

"ಮತ್ತಿನ್ನೇನು! ಇಪ್ಪತ್ತೆರಡಿಟ್ಕೊಂಡು ಹತ್ತು ಕೊಡೋಕೆ ಇಷ್ಟು ಯೋಚನೆನಾ? ಸಾರಲ್ಲಿ ಒಂದು ಸೌಟು ಕೊಟ್ಟಂಗೆ."

"ಆಯ್ತು, ಮಲಗಿ ನೀವು. ಶ್ರೀಲತಾಗೆ ಜ್ವರ ಇದೆಯಾ?"

ಹನ್ನೊಂದು ನಿಮಿಷದ ಕರೆ. ಫೋನಿಟ್ಟ ಮೇಲೆ ಮೈಥಿಲಿ ಆ ಪಟ್ಟಿಯ ಅವಧಿಯನ್ನು ಹತ್ತರಿಂದ ಇಪ್ಪತ್ತಕ್ಕೆ ಬದಲಿಸಿದರು. ಸಡಿಲು ಹನ್ನೆರಡಕ್ಕೆ ಇಳಿಯಿತು. ಪಟ್ಟಿ ಹಸಿರಾಗಿಯೇ ಉಳಿಯಿತು. ಪ್ರತಿ ತಿಂಗಳ ಕೊನೆಗೆ ಶೆಡ್ಯೂಲ್‌ನ ಹೊಸ ಪ್ರತಿ ಎಲ್ಲ ಕಡೆಯವರಿಗೂ ಹೋಗುತ್ತದೆ. ಜೊತೆಗೆ ಈ ತಿಂಗಳು ಏನೇನು ಬದಲಾಯಿತು ಎಂಬ ವಿವರಣೆಯ ಪುಟ. ಜನವರಿಯ ಪುಟದಲ್ಲಿ ಅವರು ಈ ಬದಲಾವಣೆ ಬರೆಯಲಿಲ್ಲ. ಬರೆದರೆ ಕಾರಣ ಬರೆಯಬೇಕಿತ್ತು. ಹದಿನಾರು ವರ್ಷದಲ್ಲಿ ಅವರು ಬರೆಯದೆ ಬಿಟ್ಟ ಬದಲಾವಣೆ ಅದೊಂದೇ.

ಫೆಬ್ರವರಿ ೧೧ಕ್ಕೆ ನಕ್ಷೆ ಒಪ್ಪಿಗೆಯಾಗಿ ಬಂತು. ಅಂದೇ ಆರ್ಡರ್ ಹೋಯಿತು. ಸೋಮವಾರ ಕಾರ್ಖಾನೆಯ ಉತ್ತರ ಬಂತು, ಜೊತೆಗೆ ಫೆಬ್ರವರಿ ಒಂದರ ತಾರೀಖಿನ ಒಂದು ಸುತ್ತೋಲೆ. ಬಿಡಿಭಾಗಗಳ ಕೊರತೆಯಿಂದಾಗಿ, ಒಂದನೇ ತಾರೀಖಿನಿಂದ ಬರುವ ಎಲ್ಲ ಆರ್ಡರ್‌ಗಳಿಗೆ ಇಪ್ಪತ್ತೆಂಟು ವಾರದ ಬದಲು ನಲವತ್ತಾರು ವಾರ. ಅದಕ್ಕೆ ಮೊದಲು ಬಂದವಕ್ಕೆ ಹಳೆಯ ಅವಧಿಯೇ.

ಮೈಥಿಲಿ ೨೮ ಅಳಿಸಿ ೪೬ ಹಾಕಿದರು. ಸಾಫ್ಟ್‌ವೇರ್ ಮುಂದಕ್ಕೆ ನಡೆಯಿತು, ಹಿಂದಕ್ಕೆ ನಡೆಯಿತು. ನಾಲ್ಕು ಸೆಕೆಂಡ್. ಪ್ಯಾನೆಲ್‌ನಿಂದ ಹಿಡಿದು ಕರೆಂಟ್, ಏರ್ ಕಂಡೀಷನಿಂಗ್, ನೆಲಹಾಸು, ತಪಾಸಣೆಯವರೆಗಿನ ಎಲ್ಲ ಪಟ್ಟಿಗಳೂ ಕೆಂಪಾದವು. ಸಡಿಲಿನ ಜಾಗದಲ್ಲಿ ಮೈನಸ್ ಎಪ್ಪತ್ತೆಂಟು. ಚಳಿಗಾಲದ ರಜೆ ಮುಗಿಸಿ ೨೦೨೩ರ ಜನವರಿಯಲ್ಲಿ ಮಕ್ಕಳು ಬರಬೇಕಿದ್ದ ಕಟ್ಟಡ ಏಪ್ರಿಲ್ ಕೊನೆಗೆ ಹೋಯಿತು.

ಅವರು ಕೈಯಿಂದ ಲೆಕ್ಕ ಹಾಕಿ ನೋಡಿದರು. ಜನವರಿ ೨೮ಕ್ಕೆ ಆರ್ಡರ್ ಹೋಗಿದ್ದರೆ ಇಪ್ಪತ್ತೆರಡು ದಿನದ ಸಡಿಲು ಹಾಗೇ ಇರುತ್ತಿತ್ತು. ಯಾರಿಗೂ ಏನೂ ಆಗುತ್ತಿರಲಿಲ್ಲ. ಎದ್ದು ಹೋಗಿ ಬಟ್ಟೆ ಡ್ರೈಯರ್‌ನಿಂದ ತೆಗೆದು ಮಡಚಿದರು.

ಮಾರ್ಚ್ ಎರಡನೇ ವಾರ ಪ್ರಾಜೆಕ್ಟ್ ಮ್ಯಾನೇಜರ್ ಡ್ವೇನ್ ವಿಡಿಯೊ ಕರೆಯಲ್ಲಿ ಬಂದರು. ಐವತ್ತೆಂಟು ವರ್ಷದ, ಮೆಲುಮಾತಿನ ಮನುಷ್ಯ. ಅವರ ವಾದ ಸರಳವಾಗಿತ್ತು. ಹತ್ತು ದಿನದಲ್ಲಿ ಕೊಡಬೇಕಿದ್ದ ಒಪ್ಪಿಗೆಯನ್ನು ಸಲಹಾ ಕಂಪನಿ ಇಪ್ಪತ್ತು ದಿನಕ್ಕೆ ಕೊಟ್ಟಿದೆ. ಆದ್ದರಿಂದ ವಿಳಂಬ ಅವರದು. ನಮಗೆ ದಂಡವಿಲ್ಲದೆ ಎಪ್ಪತ್ತೆಂಟು ದಿನದ ಹೆಚ್ಚುವರಿ ಕಾಲ ಸಿಗಬೇಕು. ಅಡ್ಡ ಇದ್ದದ್ದು ಒಂದೇ. ನಾವೇ ಕಳಿಸಿದ ಜನವರಿಯ ಶೆಡ್ಯೂಲ್‌ನಲ್ಲಿ ಆ ಕೆಲಸಕ್ಕೆ ಇಪ್ಪತ್ತು ದಿನ ಎಂದಿದೆ. ನೀವೇ ಒಪ್ಪಿದ್ದೀರಲ್ಲ ಎಂದು ಆ ಕಡೆಯವರು ಕೇಳುತ್ತಾರೆ.

ಅದು ಟೈಪಿಂಗ್ ತಪ್ಪೇ ಇರಬೇಕು ಎಂದರು ಡ್ವೇನ್. ವಿವರಣೆಯ ಪುಟದಲ್ಲೂ ಅದರ ಸುದ್ದಿಯಿಲ್ಲ. ಕಣ್ತಪ್ಪಿನಿಂದ ಇಪ್ಪತ್ತು ಎಂದು ನಮೂದಾಗಿದೆ ಅಂತ ನೀವೊಂದು ಸಾಲು ಬರೆದು ಸಹಿ ಹಾಕಿ ಕೊಟ್ಟರೆ ಸಾಕು. ಶುಕ್ರವಾರದೊಳಗೆ.

ಮೈಥಿಲಿ ನೋಡುತ್ತೇನೆ ಎಂದರು.

ಆ ಸಂಜೆ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ಗಂಡ ಹೆಂಡತಿ ಚಪಾತಿ ತಿನ್ನುತ್ತಿದ್ದರು. ತ್ಯಾಗರಾಜ ಎಲ್ಲವನ್ನೂ ಕೇಳಿ ನೀರು ಕುಡಿದರು.

"ಟೈಪೋ ಅಂತ ಬರೆದ್ರೆ ಏನಾಗತ್ತೆ ಕಣೇ?"

"ಯಶವಂತ್ ಲೇಟು ಅಂತ ಆಗತ್ತೆ. ಅವರ ಕಂಪನಿಗೆ ಹೊಡೆತ. ಅವರು ಇವನನ್ನ ತೆಗೀತಾರೆ."

"ತೆಗೆದ್ರೆ?"

"ವೀಸಾದಲ್ಲಿ ಅರವತ್ತು ದಿನ ಟೈಮು. ಅಷ್ಟರೊಳಗೆ ಬೇರೆ ಕೆಲಸ ಸಿಗಬೇಕು. ಇಲ್ಲಾಂದ್ರೆ ಗಂಟುಮೂಟೆ."

"ಬರೀದಿದ್ರೆ?"

"ನನ್ನನ್ನ ತೆಗೀತಾರೆ."

"ನೀನು ಇದನ್ನ ಮಳೆ ಬರತ್ತೆ ಅನ್ನೋ ಥರ ಹೇಳ್ತಿದೀಯಲ್ಲೇ!"

"ಇನ್ನು ಹೇಗೆ ಹೇಳ್ಲಿ ರೀ?"

ತ್ಯಾಗರಾಜ ತಟ್ಟೆಯನ್ನು ಸಿಂಕಿನಲ್ಲಿಟ್ಟರು. "ಅವನಿಗೆ ಫೋನ್ ಮಾಡಿ ಕೇಳು. ನಾನು ರಿಕ್ವೆಸ್ಟ್ ಮಾಡಿದ್ದೆ ಅಂತ ಅವನೂ ಒಪ್ಕೊಳ್ಲಿ. ಇಬ್ಬರ ಮೇಲೂ ಅರ್ಧರ್ಧ ಬೀಳತ್ತೆ."

"ಅರ್ಧ ತೆಗೆಯೋದು ಅಂತಿಲ್ಲ ಇಲ್ಲಿ."

ಅವರು ಫೋನ್ ಮಾಡಲಿಲ್ಲ. ಯಶವಂತ್ ಕೂಡ ಮಾಡಲಿಲ್ಲ. ಅಷ್ಟು ಹೊತ್ತಿಗೆ ಆ ಕಡೆಗೂ ವಿಳಂಬದ ಸುದ್ದಿ ತಲುಪಿತ್ತು.

ಶುಕ್ರವಾರ ಬೆಳಿಗ್ಗೆ ಮೈಥಿಲಿ ಕಳಿಸಿದ ಹೇಳಿಕೆ ಐದು ಸಾಲಿನದು. ಜನವರಿ ೨೬ರಂದು ಪರಿಶೀಲಕರು ದೂರವಾಣಿಯಲ್ಲಿ ಹತ್ತು ದಿನ ಹೆಚ್ಚುವರಿ ಕೇಳಿದರು. ಆಗ ಸಡಿಲು ಇದ್ದುದರಿಂದ ನಾನು ಕೊಟ್ಟೆ. ಮೇಲಿನವರನ್ನು ಕೇಳಲಿಲ್ಲ. ವಿವರಣೆಯ ಪುಟದಲ್ಲಿ ಬರೆಯಲಿಲ್ಲ. ಇದು ಟೈಪಿಂಗ್ ತಪ್ಪಲ್ಲ.

ಏಕೆ ಹಾಗೆ ಬರೆದಿರಿ ಎಂದು ಆಮೇಲೆ ಹಲವರು ಕೇಳಿದ್ದಾರೆ. ಯಶವಂತನ ಮಗುವಿನ ಮುಖ ನೋಡಿಯೇ, ವೀಸಾ ನೆನೆದೇ ಎಂದು ಅವರೇ ಉತ್ತರವನ್ನೂ ಸೂಚಿಸುತ್ತಾರೆ. ಮೈಥಿಲಿ ಅದನ್ನು ಅಲ್ಲಗಳೆಯುವುದಿಲ್ಲ, ಒಪ್ಪುವುದೂ ಇಲ್ಲ. ಅವರು ಹೇಳುವುದು ಇಷ್ಟೇ: "ನಾನು ಇಪ್ಪತ್ತು ಅಂತ ಬೇಕಂತಲೇ ಹಾಕಿದ್ದೆ. ಕಣ್ತಪ್ಪಿ ಹಾಕಿದ್ದೆ ಅಂತ ಹೇಗೆ ಬರೀಲಿ?" ಸಡಿಲು ಯಾರ ಸ್ವತ್ತು ಎಂಬ ಪ್ರಶ್ನೆ ಈ ಕಸುಬಿನಲ್ಲಿ ಹಳೆಯದು. ಅದು ಕಟ್ಟುವವನದೂ ಅಲ್ಲ, ಕಟ್ಟಿಸುವವನದೂ ಅಲ್ಲ, ಯೋಜನೆಯದು ಎಂದು ಆ ಒಪ್ಪಂದದಲ್ಲಿತ್ತು. ಶೆಡ್ಯೂಲರ್‌ನದಂತೂ ಅಲ್ಲ. ತಮ್ಮದಲ್ಲದ್ದನ್ನು ತೆಗೆದು ಕೊಟ್ಟಿದ್ದು ಅವರಿಗೆ ಗೊತ್ತಿತ್ತು.

ಎರಡು ವಾರದ ಬಳಿಕ ಸಲಹಾ ಕಂಪನಿಯ ಉತ್ತರ ಬಂತು. ಡ್ವೇನ್ ಅದನ್ನು ಮೈಥಿಲಿಗೆ ಕಳಿಸಿದರು, ತಾವು ಏನೂ ಬರೆಯದೆ. ತಮ್ಮ ಎಂಜಿನಿಯರ್ ಅಂಥ ಯಾವುದೇ ಕರೆ ಮಾಡಿಲ್ಲ, ಹೆಚ್ಚುವರಿ ದಿನ ಕೇಳಿಲ್ಲ, ಗುತ್ತಿಗೆದಾರರು ತಾವಾಗಿಯೇ ಇಪ್ಪತ್ತು ದಿನ ಪ್ರಕಟಿಸಿದ್ದಾರೆ, ತಾವು ಅದರೊಳಗೆ ಕೆಲಸ ಮುಗಿಸಿದ್ದೇವೆ ಎಂದಿತ್ತು. ಕೆಳಗೆ ಯಶವಂತ್ ಅವರ ಲಿಖಿತ ಹೇಳಿಕೆಯ ಪ್ರತಿ.

ಮೈಥಿಲಿಯ ಫೋನಿನಲ್ಲಿ ಹನ್ನೊಂದು ನಿಮಿಷದ ಆ ಕರೆಯ ಗುರುತು ಇತ್ತು. ಡ್ವೇನ್ ಅದನ್ನು ಕೇಳಲಿಲ್ಲ. ಮೈಥಿಲಿಯೂ ತೋರಿಸಲಿಲ್ಲ. ಪತ್ರ ಓದಿದಾಗ ಏನನ್ನಿಸಿತು ಎಂದು ಕೇಳಿದರೆ, ಯಶವಂತ್ ಅವರ ಹೇಳಿಕೆಯಲ್ಲಿ ತಾರೀಖು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು ದಿನ ಆಮೇಲೆ ಇದ್ದದ್ದು ನೆನಪಿದೆ ಎನ್ನುತ್ತಾರೆ.

ಹೆಚ್ಚುವರಿ ಕಾಲದ ಬೇಡಿಕೆ ಬಿದ್ದುಹೋಯಿತು. ಜೂನ್‌ನಲ್ಲಿ ಎಚ್ಆರ್‌ನವರು ಒಂಬತ್ತು ನಿಮಿಷ ಮಾತಾಡಿದರು. ಕಂಪನಿಯ ಲ್ಯಾಪ್‌ಟಾಪ್ ಕಳಿಸಲು ಖಾಲಿ ಡಬ್ಬಿ ಕೊರಿಯರ್‌ನಲ್ಲಿ ಬಂತು. ಮೈಥಿಲಿ ಲ್ಯಾಪ್‌ಟಾಪನ್ನು ಒರೆಸಿ, ವೈರ್ ಸುತ್ತಿ, ಡಬ್ಬಿಯಲ್ಲಿಟ್ಟು ಕಳಿಸಿದರು. ಆದಿತ್ಯ ಕಾಲೇಜಿನಿಂದ ಫೋನ್ ಮಾಡಿದ.

"ಅಮ್ಮಾ, ಆರ್ ಯು ಓಕೆ?"

"ಓಕೆ ಕಣೋ."

"ನೀನು ಅತ್ತಿದ್ಯಾ?"

"ಇಲ್ಲ."

"ಯು ಶುಡ್, ಲೈಕ್, ಸ್ವಲ್ಪ ಅಳು."

"ಆಯ್ತು, ನೋಡ್ತೀನಿ."

ಡಿಸೆಂಬರ್‌ನಲ್ಲಿ ಷಾರ್ಲೆಟ್ ನಗರದ ಬ್ಯಾಲಂಟೈನ್ ಬಡಾವಣೆಯಲ್ಲಿ ಕೆಲಸ ಸಿಕ್ಕಿತು, ಬ್ಯಾಂಕ್ ಶಾಖೆಗಳ ಒಳಾಂಗಣ ನವೀಕರಿಸುವ ಸಣ್ಣ ಕಂಪನಿಯಲ್ಲಿ. ಒಂದು ಶಾಖೆಗೆ ಹದಿನಾಲ್ಕು ವಾರ, ನೂರಿಪ್ಪತ್ತು ಪಟ್ಟಿ. ಸೋಮವಾರ ನಸುಕಿಗೆ ಹೊರಟು ನಾಲ್ಕು ಗಂಟೆ ಡ್ರೈವ್ ಮಾಡುತ್ತಾರೆ, ಗುರುವಾರ ಸಂಜೆ ವಾಪಸು. ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಲಾರೆನ್ಸ್‌ವಿಲ್‌ಗೆ ಬಂದಾಗ ತರಕಾರಿಗೆ ಹೋಗುವ ದಾರಿಯಲ್ಲಿ ಹಳೆಯ ಶಾಲೆ ಸಿಗುತ್ತದೆ. ಹೊಸ ಕಟ್ಟಡಕ್ಕೆ ಹೋಗಬೇಕಿದ್ದ ಮಕ್ಕಳು ಆ ವರ್ಷವೆಲ್ಲ ಅದರ ಅಂಗಳದಲ್ಲಿ ತರಗತಿಗೆಂದು ತಂದಿಟ್ಟ ಟ್ರೇಲರ್‌ಗಳಲ್ಲೇ ಕೂತರು. ಮೈಥಿಲಿ ಒಮ್ಮೆ ಎಣಿಸಿದರು. ಹನ್ನೆರಡು ಟ್ರೇಲರ್.

೨೦೨೩ರ ಏಪ್ರಿಲ್ ಮೊದಲ ಶನಿವಾರ ಸಂಘದ ಯುಗಾದಿ. ಒಂದು ಹೈಸ್ಕೂಲಿನ ಕೆಫೆಟೇರಿಯಾ. ಮೈಥಿಲಿ ಚಿತ್ರಾನ್ನ ಬಡಿಸುವ ಸಾಲಿನಲ್ಲಿದ್ದರು. ಯಶವಂತ್ ತಟ್ಟೆ ಹಿಡಿದು ಮುಂದೆ ಬಂದು ನಿಂತರು. ಒಂದು ವರ್ಷದಲ್ಲಿ ಇಬ್ಬರೂ ಎದುರಾಗಿದ್ದು ಅದೇ ಮೊದಲು.

"ಮೇಡಂ, ಎರಡು ನಿಮಿಷ ಇದೆಯಾ?"

"ಚಿತ್ರಾನ್ನ ಹಾಕ್ಲಾ?"

"ಹಾಕಿ. ಆಮೇಲೆ ಹೊರಗೆ ಬರ್ತೀರಾ?"

ಮೈಥಿಲಿ ಸೌಟನ್ನು ಪಕ್ಕದವರ ಕೈಗೆ ಕೊಟ್ಟು ಹೊರಗೆ ಹೋದರು. ಶಾಲಾ ಬಸ್‌ಗಳ ಸಾಲಿನ ಪಕ್ಕ ಯಶವಂತ್ ತಟ್ಟೆಯನ್ನು ಒಂದು ಕಾರಿನ ಮೇಲಿಟ್ಟು ನಿಂತಿದ್ದರು. ಏನೂ ತಿಂದಿರಲಿಲ್ಲ.

"ಆಗ ನನ್ನ ವೀಸಾ ಎಕ್ಸ್‌ಟೆನ್ಷನ್ ಪೆಂಡಿಂಗ್ ಇತ್ತು ಮೇಡಂ. ಬಾಸ್ ಕೇಳಿದ್ರು, ಕಾಲ್ ಮಾಡಿದ್ಯಾ ಅಂತ. ಫೋನಲ್ಲಿ ಕೇಳಿದ್ದೆ ಅಂದ್ರೆ ಅಲ್ಲೇ ಮುಗೀತಿತ್ತು. ಬಾಯಿಂದ ಇಲ್ಲ ಅಂತ ಬಂದ್ಬಿಡ್ತು. ಆಮೇಲೆ ಅದನ್ನೇ ಬರೆಸಿಕೊಂಡ್ರು."

"ಗೊತ್ತಾಯ್ತು."

"ನೀವು ಟೈಪೋ ಅಂತ ಬರೀತೀರಿ ಅಂತಲೇ ನಾನು ಅಂದ್ಕೊಂಡಿದ್ದೆ. ಶ್ರೀಲತಾ ಸೂಟ್‌ಕೇಸ್ ಇಳಿಸಿದ್ಲು. ನಿಮ್ಮ ಸ್ಟೇಟ್‌ಮೆಂಟ್ ನೋಡಿದಾಗ..." ಅವರು ಕಾರಿನ ಮೇಲಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಬೈದ್ಬಿಡಿ ಮೇಡಂ. ಎರಡು ಬಿಟ್ರೂ ಪರವಾಗಿಲ್ಲ."

"ಬೈಯೋಕೂ ಏನಾದ್ರೂ ಅನ್ನಿಸ್ಬೇಕಲ್ಲ ಯಶವಂತ್."

"ಈಗ ನನ್ನ ಪೇಪರ್ ಎಲ್ಲ ಸರಿಯಾಗಿದೆ. ನಿಮ್ಮ ಹಳೇ ಕಂಪನಿಗೆ ಬರೆದು ಕೊಡ್ತೀನಿ. ಕಾಲ್ ಮಾಡಿದ್ದು ನಾನೇ ಅಂತ."

ಬೇಡಿಕೆಯ ಕಡತ ನವೆಂಬರ್‌ನಲ್ಲೇ ಮುಚ್ಚಿತ್ತು. ಡ್ವೇನ್ ನಿವೃತ್ತರಾಗಿದ್ದರು.

"ಅಲ್ಲಿಗೆ ಬರೆದು ಏನೂ ಆಗಲ್ಲ. ನಿಮ್ಮ ಕೆಲಸ ಹೋಗತ್ತೆ, ಅಷ್ಟೇ. ನನಗೆ ಬರೀರಿ."

"ನಿಮಗಾ?"

"ನನ್ನ ಈಮೇಲ್‌ಗೆ. ತಾರೀಖು ಹಾಕಿ."

"ನಿಮಗೆ ಗೊತ್ತೇ ಇದೆಯಲ್ಲ ಮೇಡಂ. ನೀವೇ ಅಲ್ವಾ ಫೋನ್ ಎತ್ತಿದ್ದು?"

"ಹೌದು. ಆದ್ರೂ ಬರೀರಿ."

ಯಾಕೆ ಎಂದು ಅವರು ಕೇಳಿದರು. ಮೈಥಿಲಿ ಒಳಗೆ ಬಂದು ಮತ್ತೆ ಸೌಟು ಹಿಡಿದರು.

ಈಮೇಲ್ ತಕ್ಷಣ ಬರಲಿಲ್ಲ. ಆ ವಾರ ಬರಲಿಲ್ಲ, ಮುಂದಿನ ವಾರವೂ ಇಲ್ಲ. ಬ್ಯಾಲಂಟೈನ್‌ನ ಕೋಣೆಯಲ್ಲಿ ಮೈಥಿಲಿ ದಿನಕ್ಕೆ ಒಂದೆರಡು ಸಲ ಫೋನ್ ತೆಗೆದು ನೋಡುತ್ತಿದ್ದರು. ತಾವು ಕಾಯುತ್ತಿದ್ದೇವೆ ಎಂದು ಅವರಿಗೆ ತಿಳಿಯಲು ಒಂಬತ್ತು ದಿನ ಹಿಡಿಯಿತು. ಗೊತ್ತಾದ ದಿನ ಊಟ ಮಾಡುವುದನ್ನೇ ಮರೆತೆ ಎಂದು ತ್ಯಾಗರಾಜ ಅವರಿಗೆ ಫೋನಿನಲ್ಲಿ ಹೇಳಿದರು. ಶುಗರ್ ಚೆಕ್ ಮಾಡಿಸು ಎಂದರು ತ್ಯಾಗರಾಜ.

ಹದಿನೇಳನೇ ದಿನ, ಮಂಗಳವಾರ ಬೆಳಿಗ್ಗೆ, ಆಫೀಸಿನ ಲಿಫ್ಟ್ ಮುಂದೆ ನಿಂತಿದ್ದಾಗ ಅದು ಬಂತು. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ. ೨೦೨೨ರ ಜನವರಿ ೨೬ರಂದು ನಾನು ನಿಮಗೆ ಕರೆ ಮಾಡಿದೆ. ಹತ್ತು ದಿನ ಕೇಳಿದೆ. ನೀವು ಕೊಟ್ಟಿರಿ. ಆಮೇಲೆ ನಾನು ಇದನ್ನು ಸುಳ್ಳೆಂದು ಬರೆದುಕೊಟ್ಟೆ. ಕೆಳಗೆ ಪೂರ್ತಿ ಹೆಸರು, ತಾರೀಖು.

ಮೈಥಿಲಿ ಎರಡು ಸಲ ಓದಿದರು. ಲಿಫ್ಟ್ ಬಂದು ಬಾಗಿಲು ತೆರೆದು, ಮುಚ್ಚಿ, ಮೇಲೆ ಹೋಯಿತು. ಈ ಕಸುಬಿನಲ್ಲಿ ಯಾವುದೇ ಕಾಗದ ಬಂದರೂ ಉತ್ತರ ಕೊಡದೆ ಇಡುವುದಿಲ್ಲ. ಅವರು ಒಂದೇ ಪದ ಟೈಪ್ ಮಾಡಿದರು, ಕನ್ನಡದಲ್ಲಿ: ತಲುಪಿತು.

ಕಳಿಸಿ, ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಹೋದರು.